ಗಡಿ ದಾಟಿದ ಳಕಾರ

ಸಾಂಗಲಿ ಜಿಲ್ಲೆಗೆ ಒಟ್ಟು 10 ತಾಲೂಕುಗಳು. ಅವುಗಳಲ್ಲಿ ಶಿರಾಳಾ, ವಾಳವಾ ಹಾಗೂ ಕವಠೆ ಮಹಾಂಕಾಳ ಎಂಬ ಮೂರರ ಹೆಸರನ್ನು ಹೇಳುವಾಗ ನಮ್ಮ ನಾಲಗೆಯ ತುದಿ ಹಿಂದಕ್ಕೆ ಮಡಿಚಿ, ಅಂಗುಳನ್ನು ತಾಗಿ, ಕೆಳಗಿಳಿಯುತ್ತದೆ. ಉತ್ತರ ಹಿಂದುಸ್ಥಾನದಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಇಂಗ್ಲಿಷ್ ಫಲಕವನ್ನು ನೋಡಿ ‘ಶಿರಾಲಾ’, ‘ವಾಲ್ವಾ’, ‘ಮಹಾಂಕಾಲ್’ ಎಂದರೆ, ಪಕ್ಕದಲ್ಲಿ ನಿಂತ ಮರಾಠಿಗನೂ ಕನ್ನಡಿಗನೂ ಒಟ್ಟಿಗೇ ಮುಗುಳ್ನಗುತ್ತಾರೆ. ಬೇರೆ ಎಷ್ಟೋ ವಿಷಯಗಳಲ್ಲಿ ಭಿನ್ನಮತವಿರುವ ಈ ಇಬ್ಬರನ್ನು ಆ ಕ್ಷಣಕ್ಕೆ ಒಂದು ಪಕ್ಷಕ್ಕೆ ಸೇರಿಸುವದು ಒಂದೇ ಒಂದು ಅಕ್ಷರ. ಆ ಅಕ್ಷರವೇ ಳ. ಮಿರಜ-ಸಾಂಗಲಿಗಳಲ್ಲಿ ತಲೆತಲಾಂತರದಿಂದ ನೆಲೆಸಿದ ನಮ್ಮಂಥ ಕನ್ನಡ ಕುಟುಂಬಗಳಿಗೆ ಇದರ ಮೂಲವೇನು, ಉಪಯೋಗವೇನು, ಇಂದು ಇದರ ಗತಿ ಏನಾಗುತ್ತಲಿದೆ ಎಂಬುದನ್ನು ಈ ಸಲ ವಾಚಕರ ಮುಂದೆ ಇಡಬೇಕೆಂದು ನಮ್ಮ ಅಪೇಕ್ಷೆ.

ವರ್ಣಮಾಲೆಯ ಪಂಕ್ತಿಯಲ್ಲಿ ಈ ಅಕ್ಷರಕ್ಕೆ ದೊರೆತದ್ದು ಕೊನೆಯ ಎಲೆ. ಯ, ರ, ಲ, ವ, ಶ, ಷ, ಸ, ಹ ಎಂದು ಎಲ್ಲರಿಗೂ ಬಡಿಸಿಯಾದ ಮೇಲೆ ಳ ಬರುತ್ತದೆ. ಮರಾಠಿಯಲ್ಲಿಯೂ ಅದೇ ಸ್ಥಿತಿ; ಹಕಾರದ ಅನಂತರ ಳ, ಅದರ ಬೆನ್ನಿಗೆ ಕ್ಷ ಮತ್ತು ಜ್ಞ. ಈ ಪಂಕ್ತಿಯನ್ನು ಮೊದಲು ಹಾಕಿದ್ದು ಸಂಸ್ಕೃತದ ಲೆಕ್ಕದಿಂದ. ಲೌಕಿಕ ಸಂಸ್ಕೃತದಲ್ಲಿ ಳಕಾರ ಇಲ್ಲ. ಆದ್ದರಿಂದ ದೇಶಭಾಷೆಗಳು ತಮ್ಮ ಸ್ವಂತ ಧ್ವನಿಯನ್ನು ಪಂಕ್ತಿ ಮುಗಿದ ಜಾಗದಲ್ಲಿ ಕೂಡಿಸಬೇಕಾಯಿತು. ಇನ್ನೂ ಒಂದು ವಿಶೇಷವೆಂದರೆ, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಳಕಾರದಿಂದ ಆರಂಭವಾಗುವ ಶಬ್ದವಿಲ್ಲ. ಅಂಕಲಿಪಿ ಬರೆಯುವವರು ಆನೆಗೆ ಆ, ಇಲಿಗೆ ಇ ಎಂದು ಸಲೀಸಾಗಿ ಚಿತ್ರ ಹಾಕುತ್ತ ಬಂದು, ಳಕಾರದ ಹತ್ತಿರ ತಡವರಿಸಿ, ನಡುವೆಯೋ ಕೊನೆಗೋ ಅದಿರುವ ಒಂದು ಶಬ್ದವನ್ನು ಹುಡುಕಬೇಕಾಗುತ್ತದೆ. ಮನೆಯ ಬಾಗಿಲಿಗೆ ಎಂದೂ ಬಾರದೆ ಒಳಮನೆಯಲ್ಲಿಯೇ ಇದ್ದು ಸಂಸಾರವನ್ನೆಲ್ಲ ತೂಗಿಸುವ ಹಿರಿಯಳಂತೆ ಇದು ಎಂದರೆ ಅತಿಶಯೋಕ್ತಿಯಾಗಲಾರದು.

ಲೌಕಿಕ ಸಂಸ್ಕೃತದಲ್ಲಿ ಇಲ್ಲವೆಂದೆವು. ಆದರೆ ವೇದದಲ್ಲಿ ಇದೆ. ಋಗ್ವೇದದ ಮೊದಲ ಋಕ್ಕಿನ ಎರಡನೆಯ ಪದವಾದ ‘ಈಳೇ’ ಎಂಬಲ್ಲಿಯೇ ಳಕಾರ ಕೇಳಿಬರುತ್ತದೆ. ಎರಡು ಸ್ವರಗಳ ನಡುವೆ ಸಿಕ್ಕ ಡಕಾರವು ಋಗ್ವೇದದ ಪಾಠದಲ್ಲಿ ಳಕಾರವಾಗುವದು ನಿಯಮ. ಮುಂದಿನ ಸಂಸ್ಕೃತ ಅದನ್ನು ಕೈಬಿಟ್ಟಿತು. ಡಕಾರಕ್ಕೂ ಳಕಾರಕ್ಕೂ ಇರುವ ಈ ನಂಟು ನಾಲಗೆಗೂ ಗೊತ್ತು. ಟ, ಡ, ಣ ಅನ್ನುವಾಗ ನಾಲಗೆ ಎಲ್ಲಿ ತಾಗುತ್ತದೆಯೋ ಅಲ್ಲಿಯೇ ತಾಗಿಸಿಟ್ಟು, ಎರಡೂ ಮಗ್ಗುಲಿನಿಂದ ಉಸಿರು ಬಿಟ್ಟರೆ ಬರುವದೇ ಳ. ಲಕಾರಕ್ಕಾದರೂ ಉಸಿರು ಮಗ್ಗುಲಿನಿಂದಲೇ ಹೊರಡುತ್ತದೆ, ಆದರೆ ನಾಲಗೆ ಮುಂದೆ, ಹಲ್ಲಿನ ಬುಡದಲ್ಲಿರುತ್ತದೆ. ಲಕಾರ ಮಾತ್ರ ಬರುವ ಮಗುವಿಗೆ ಳಕಾರ ಕಲಿಸಬೇಕಾದರೆ ಮೊದಲು ‘ಡ’ ಅನ್ನಿಸಿ, ಅದೇ ಸ್ಥಾನದಿಂದ ಜಾರಿಸಬೇಕು. ನಾಲ್ಕು ಸಲ ತಪ್ಪಿದರೂ ಐದನೆಯ ಸಲ ಬರುತ್ತದೆ.

ಭಾರತದ ನಕಾಶೆಯಲ್ಲಿ ಈ ಧ್ವನಿಯ ಸೀಮೆಯನ್ನು ಗುರುತಿಸಿದರೆ ಮೋಜಿನ ಚಿತ್ರ ಕಾಣುತ್ತದೆ. ಕನ್ನಡ, ತೆಲುಗು, ತಮಿಳು, ಮಲಯಾಳಗಳಲ್ಲಿ ಇದು ಇದೆಯೆಂಬುದು ಸಹಜ. ಅತ್ತ ಆರ್ಯ ಭಾಷೆಗಳಲ್ಲಿ ಮರಾಠಿ, ಕೊಂಕಣಿ, ಗುಜರಾತಿ, ರಾಜಸ್ಥಾನಿ, ಒಡಿಯಾಗಳಲ್ಲಿಯೂ ಇದೆ. ಪಂಜಾಬಿಯ ಮಾತಿನಲ್ಲಿಯೂ ಇದೆ. ಹಿಂದಿ ಹಾಗೂ ಬಂಗಾಲಿಗಳಲ್ಲಿ ಇಲ್ಲ. ಹೀಗಾಗಿ ನಾಗರಿ ಲಿಪಿಯ ಳ ಅಕ್ಷರವನ್ನು ಮರಾಠಿ ಓದಿದ ಮಗು ಬಲ್ಲದು. ಹಿಂದಿ ಮಾತ್ರ ಓದಿದ ಮಗುವಿಗೆ ಅದು ಅಪರಿಚಿತ ಮುಖ.

ಮರಾಠಿಯಲ್ಲಿ ಇದು ಹುಟ್ಟಿದ ಬಗೆ ಬಹಳ ಸ್ವಾರಸ್ಯವಾಗಿದೆ. ಸಂಸ್ಕೃತದಲ್ಲಿ ಎರಡು ಸ್ವರಗಳ ನಡುವೆ ಒಂಟಿಯಾಗಿದ್ದ ಲಕಾರ ಮರಾಠಿಯಲ್ಲಿ ಳಕಾರವಾಯಿತು; ಜೋಡಿಯಾಗಿದ್ದುದು ಅಥವಾ ಬೇರೊಂದು ವ್ಯಂಜನದ ಸಂಗಡ ಬೆರೆತದ್ದು ಲಕಾರವಾಗಿಯೇ ಉಳಿಯಿತು. ‘ಮೂಲ’ ಎಂಬುದು ‘ಮೂಳ’ ಆಯಿತು, ‘ಮೂಲ್ಯ’ ಎಂಬುದು ‘ಮೋಲ’ ಆಯಿತು. ಹೊತ್ತು ಎಂಬ ಅರ್ಥದ ‘ಕಾಲ’ವು ‘ಕಾಳ’ವಾದರೆ, ‘ಕಲ್ಯ’ದಿಂದ ಬಂದ, ನಿನ್ನೆ ಎಂಬ ಅರ್ಥದ ‘ಕಾಲ’ ಹಾಗೆಯೇ ನಿಂತಿತು. ‘ಫಲ’ದಿಂದ ‘ಫಳ’, ‘ಆಮಲಕ’ದಿಂದ ‘ಆವಳಾ’, ‘ಪಿಪ್ಪಲ’ದಿಂದ ‘ಪಿಂಪಳ’, ‘ಗೋಪಾಲ’ನಿಂದ ‘ಗವಳಿ’. ಈ ಗವಳಿಯೇ ನಮ್ಮ ಗೌಳಿ. ಹಾಲಿನ ಕ್ಯಾನು ಕಟ್ಟಿಕೊಂಡು ಎರಡೂ ಭಾಷೆಯ ಓಣಿಗಳಲ್ಲಿ ತಿರುಗುವವನು. ಕೊಲ್ಹಾಪುರದ ಸಮೀಪದ ಪನ್ಹಾಳಾ ಕೋಟೆಯನ್ನು ಹಳೆಯ ಶಾಸನಗಳು ‘ಪ್ರಣಾಲಕ’, ‘ಪದ್ಮನಾಲ’ ಎನ್ನುತ್ತವೆ. ಆ ನಾಲವೇ ಜನರ ಬಾಯಲ್ಲಿ ನಾಳವಾಗಿ, ಕೋಟೆಯ ಕಲ್ಲಿಗಿಂತ ಗಟ್ಟಿಯಾಗಿ ನಿಂತಿದೆ.

ಪೇಟೆಗೆ ಹೋದರಂತೂ ಳಕಾರದ ರಾಶಿಯೇ. ಸಾಂಗಲಿಯ ಅರಿಸಿನಕ್ಕೆ 2018ರಲ್ಲಿ ಭೌಗೋಲಿಕ ಗುರುತಿನ ಮಾನ್ಯತೆ ದೊರೆಯಿತು. ಆ ಅರಿಸಿನ ಮರಾಠಿಯಲ್ಲಿ ‘ಹಳದ’. ಮೂಲ ‘ಹರಿದ್ರಾ’, ಮೊದಲು ರಕಾರ ಲಕಾರವಾಗಿ, ಆಮೇಲೆ ಳಕಾರವಾಯಿತು. ನಾವು ಬೇರಿಗೆ ಅರಿಸಿನವೆಂಬ ಹೆಸರನ್ನು ಉಳಿಸಿಕೊಂಡು, ಬಣ್ಣಕ್ಕೆ ಮಾತ್ರ ‘ಹಳದಿ’ ಅನ್ನುತ್ತೇವೆ. ಬೆಲ್ಲ ಅಲ್ಲಿ ‘ಗೂಳ’. ಅವರ ‘ಪೋಳಿ’, ನಮ್ಮ ‘ಹೋಳಿಗೆ’; ಒಲೆಯ ಮೇಲಿನ ಹಂಚು ಒಂದೇ. ಮಿರಜದ ಸಿತಾರ-ತಂಬೂರಿಗಳಿಗೂ ಅಂಥದೇ ಮಾನ್ಯತೆ 2024ರಲ್ಲಿ ಸಿಕ್ಕಿದೆ. ಆ ವಾದ್ಯಗಳ ಒಡಲಾದ ಸೋರೆಬುರುಡೆಗೆ ಅಲ್ಲಿನ ಕುಶಲಕರ್ಮಿಗಳು ಹೇಳುವದು ‘ಭೋಪಳಾ’. ನಮ್ಮ ಹಿತ್ತಲಲ್ಲಿ ಅದರ ದಾಯಾದಿ ‘ಕುಂಬಳ’. ಪಂಢರಪುರದ ಹಾದಿ ಹಿಡಿದ ದಿಂಡಿಯವರ ಕೈಯಲ್ಲಿರುವದು ‘ಟಾಳ’; ಲಯಕ್ಕೆ ಅವರು ‘ತಾಲ’ ಅನ್ನುತ್ತಾರೆ. ಕನ್ನಡದಲ್ಲಿ ಬಾರಿಸುವದೂ ತಾಳವೇ, ಹಾಕುವದೂ ತಾಳವೇ.

ಇನ್ನು ನಮ್ಮ ಮಗು ದಿನವೂ ನಡೆದಾಡುವ ಒಂದು ಶಬ್ದವನ್ನು ನೋಡಿರಿ. ಸಂಸ್ಕೃತದ ‘ಶಾಲಾ’ ಮರಾಠಿಯಲ್ಲಿ ‘ಶಾಳಾ’ ಆಗಿದೆ. ಕನ್ನಡ ಗ್ರಂಥಭಾಷೆ ‘ಶಾಲೆ’ ಎಂದು ಲಕಾರವನ್ನೇ ಇಟ್ಟುಕೊಂಡಿದೆ. ನಮ್ಮ ಮನೆಮಾತಿನಲ್ಲಿ ಅದು ‘ಸಾಲಿ’. ಬೆಳಿಗ್ಗೆ ‘ಶಾಳಾ’ಕ್ಕೆ ಹೋದ ಹುಡುಗ ಸಂಜೆಗೆ ‘ಸಾಲಿ’ಯಿಂದ ಬರುತ್ತಾನೆ. ಹಾದಿಯಲ್ಲಿ ಎಲ್ಲಿಯೋ ಅಕ್ಷರ ಬದಲಾಗಿದೆ, ಚೀಲ ಬದಲಾಗಿಲ್ಲ.

ಇದನ್ನು ನೋಡಿ, ಸಂಸ್ಕೃತದ ಲಕಾರವನ್ನು ಳಕಾರ ಮಾಡುವದು ಮರಾಠಿಯ ಚಾಳಿ, ಕನ್ನಡದ್ದಲ್ಲ ಎಂದು ಯಾರಾದರೂ ಭಾವಿಸಿದರೆ ಅವರು ಕೇಶಿರಾಜನನ್ನು ಕೇಳಬೇಕು. ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ ಬರೆದ ಈ ವೈಯಾಕರಣ, ಕನ್ನಡದಲ್ಲಿ ಳಕಾರದಂತೆ ತೋರುವ ಮೂರು ಧ್ವನಿಗಳನ್ನು ಹೆಸರಿಟ್ಟು ಬೇರ್ಪಡಿಸಿದ್ದಾನೆ. ಅಚ್ಚಗನ್ನಡ ಶಬ್ದಗಳಲ್ಲಿ ಹುಟ್ಟಿನಿಂದ ಬಂದದ್ದು ಕುಳ. ಸಂಸ್ಕೃತ ಶಬ್ದದ ಲಕಾರ ಕನ್ನಡಕ್ಕೆ ಬಂದಾಗ ಮಾರ್ಪಟ್ಟದ್ದು ಕ್ಷಳ. ಮೂರನೆಯದಾದ ರಳವನ್ನು ಮುಂದೆ ನೋಡೋಣ. ಹಳಗನ್ನಡದ ಕವಿಗಳೂ ಶಾಸನ ಬರೆದವರೂ ಕಮಳ, ಫಳ, ಸಕಳ, ನಿರ್ಮಳ ಎಂದು ಧಾರಾಳವಾಗಿ ಬರೆದರು. ಇವೆಲ್ಲ ಕ್ಷಳಗಳೇ. ಮುಂದೆ ಸಂಸ್ಕೃತದ ಶುದ್ಧರೂಪದ ಮೇಲೆ ನಮಗೆ ಗೌರವ ಹೆಚ್ಚಾಗಿ, ಕಮಲ, ಫಲ, ಸಕಲ, ನಿರ್ಮಲ ಎಂದು ತಿದ್ದಿಕೊಂಡೆವು. ಮಂಗಳ, ಸ್ಥಳ, ಹವಳದಂಥ ಕೆಲವು ಮಾತ್ರ ತಿದ್ದುವವರ ಕೈಗೆ ಸಿಗದೆ ಉಳಿದವು. ಹವಳದ ಮೂಲ ‘ಪ್ರವಾಲ’; ಮರಾಠಿಯಲ್ಲಿ ಅದೇ ‘ಪೋವಳೇ’. ಇಂದು ಸಾಂಗಲಿಯ ಹೂವಿನ ಪೇಟೆಯಲ್ಲಿ ಮರಾಠಿ ಹೆಣ್ಣುಮಗಳು ‘ಕಮಳ’ ಎಂದಾಗ ಅವಳ ಬಾಯಲ್ಲಿರುವದು ಸಾವಿರ ವರ್ಷದ ಹಿಂದೆ ನಮ್ಮ ಕವಿಗಳು ಬರೆದ ರೂಪವೇ ಸರಿ. ನಾವು ಮರೆತ ಒಡವೆ ನೆರೆಮನೆಯವರ ಕೊರಳಲ್ಲಿದೆ ಎಂದು ಅಸೂಯೆ ಪಡಬೇಕಾಗಿಲ್ಲ. ಜೋಪಾನವಾಗಿದೆಯಲ್ಲ ಎಂದು ಸಂತೋಷಪಡಬಹುದು.

ಯಾರಿಂದ ಯಾರಿಗೆ ಬಂತು ಎಂಬ ವಾದ ವಿದ್ವಾಂಸರಲ್ಲಿ ಬಹಳ ಕಾಲದಿಂದ ನಡೆದಿದೆ. ಮರಾಠಿಯ ಳಕಾರ ದ್ರಾವಿಡ ಸಹವಾಸದ ಫಲವೆನ್ನುವವರಿದ್ದಾರೆ. ಪ್ರಾಕೃತದಿಂದ ತನ್ನಷ್ಟಕ್ಕೆ ಬೆಳೆದದ್ದೆನ್ನುವವರೂ ಇದ್ದಾರೆ. ಗುಜರಾತಿ, ಪಂಜಾಬಿಗಳಲ್ಲಿಯೂ ಇರುವದನ್ನು ನೋಡಿದರೆ, ಎಲ್ಲವನ್ನೂ ಕನ್ನಡದ ಲೆಕ್ಕಕ್ಕೆ ಜಮೆ ಮಾಡಿಕೊಳ್ಳುವದು ನಮಗೆ ಅವಸರದ ಮಾತೆನಿಸುತ್ತದೆ. ಆದರೆ ಈ ನೆಲದಲ್ಲಿ ಎರಡು ಭಾಷೆಗಳು ಒಂದೇ ಬಾವಿಯ ನೀರು ಸೇದಿದವೆಂಬುದಕ್ಕೆ ಕಲ್ಲಿನ ಸಾಕ್ಷಿ ಇದೆ. ಮಿರಜದ ಹಳೆಯ ಹೆಸರು ಮಿರಿಂಜೆ. ಶಿಲಾಹಾರ ವಿಜಯಾದಿತ್ಯನ ಆಳಿಕೆಯ, 12ನೆಯ ಶತಮಾನದ ನಡುಭಾಗದ ಕನ್ನಡ ಶಾಸನ ಅಲ್ಲಿಯೇ ದೊರೆತಿದೆ. ಬಹುಕಾಲದ ತರುವಾಯ ಪಟವರ್ಧನರ ಕಾಲದಲ್ಲಿಯೂ ಈ ಸಹವಾಸ ತಪ್ಪಲಿಲ್ಲ. ಸಾಂಗಲಿ ಸಂಸ್ಥಾನಕ್ಕೆ ತೇರದಾಳ, ಶಹಾಪುರಗಳು ಸೇರಿದ್ದವು. ಮಿರಜದ ಹಿರಿಯ ಸಂಸ್ಥಾನಕ್ಕೆ ದೂರದ ಲಕ್ಷ್ಮೇಶ್ವರ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ಭಾಷಾವಾರು ರಾಜ್ಯಗಳ ಗೆರೆ ಬಿತ್ತು. ಆ ಗೆರೆಯಿಂದ ಅತಿ ಹೆಚ್ಚು ಮಾತಿಗೆ ಕಾರಣವಾದ ಊರನ್ನು ಕನ್ನಡಿಗರು ಬೆಳಗಾವಿ ಎನ್ನುತ್ತಾರೆ, ಮರಾಠಿಗರು ಬೇಳಗಾವ ಎನ್ನುತ್ತಾರೆ. ಉಭಯ ಪಕ್ಷದವರೂ ಎಲ್ಲವನ್ನೂ ವಾದಕ್ಕಿಟ್ಟರು, ಳಕಾರವನ್ನು ಮಾತ್ರ ಮುಟ್ಟಲಿಲ್ಲ.

ಈಗ ಕೇಶಿರಾಜನ ಮೂರನೆಯದು. ರಳವೆಂದರೆ ೞ. ಇದು ಕನ್ನಡಿಗರು ಕಳೆದುಕೊಂಡ ಅಕ್ಷರ. ತಮಿಳರಲ್ಲಿಯೂ ಮಲೆಯಾಳಿಗಳಲ್ಲಿಯೂ ಇಂದಿಗೂ ಜೀವಂತವಾಗಿದೆ. ನಾವು ಇಂದು ಮಳೆ, ಬಾಳೆ, ಕೋಳಿ, ಹುಳು, ಏಳು ಎಂದು ಳಕಾರದಿಂದ ಬರೆಯುವ ಶಬ್ದಗಳನ್ನು ಹಳಗನ್ನಡದಲ್ಲಿ ಮೞೆ, ಬಾೞೆ, ಕೋೞಿ, ಪುೞು, ಏೞು ಎಂದು ಬರೆಯುತ್ತಿದ್ದರು. ಬೆಳೆ, ಬಳೆ, ಹುಳಿ, ಮುಳ್ಳು, ಬೆಳ್ಳಿ, ಕೇಳು ಎಂಬಲ್ಲಿ ಇರುವದು ಮೊದಲಿನಿಂದಲೂ ಕುಳವೇ. ಎರಡರ ಭೇದದಿಂದ ಅರ್ಥವೇ ಬೇರೆಯಾಗುತ್ತಿತ್ತು. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಆಳ್’ ಎಂದರೆ ಆಳುವದು, ‘ಆೞ್’ ಎಂದರೆ ಮುಳುಗುವದು. ಅರಸನಾದವನು ಎರಡರಲ್ಲಿ ಯಾವುದನ್ನು ಮಾಡುತ್ತಿದ್ದಾನೆಂದು ಅಂದಿನವರಿಗೆ ಕಿವಿಯಿಂದಲೇ ತಿಳಿಯುತ್ತಿತ್ತು!

ಸುಮಾರು 450ರ ಹಲ್ಮಿಡಿ ಶಾಸನದಲ್ಲಿ ‘ಮೂೞಿವಳ್ಳಿ’ ಎಂಬ ಊರಿನ ಹೆಸರಿದೆ. ಒಂದೇ ಶಬ್ದದಲ್ಲಿ ಎರಡೂ ಅಕ್ಷರಗಳು ಅಕ್ಕಪಕ್ಕದ ಮನೆಯವರಂತೆ ಕುಳಿತಿವೆ. ವೀರನಿಗೆ ಕತ್ತಿ ತೊಳೆದು ಕೊಡುವ ದತ್ತಿಯಾದ ‘ಬಾಳ್ಗೞ್ಚು’ ಎಂಬ ಮಾತಿನಲ್ಲಿಯೂ ಹಾಗೆಯೇ. (ಮಿರಜದಲ್ಲಿ ತಂಬೂರಿ ಮಾಡುವ ಶಿಕಲಗಾರ ಮನೆತನಗಳ ಪೂರ್ವಜರು ಕತ್ತಿಗಳಿಗೆ ಸಾಣೆ ಹಿಡಿಯುವವರಾಗಿದ್ದರೆಂಬುದು ಈ ಸಂದರ್ಭದಲ್ಲಿ ನೆನಪಾಗುತ್ತದೆ.) ಹತ್ತನೆಯ ಶತಮಾನದಿಂದೀಚೆಗೆ ೞಕಾರ ಕರಗತೊಡಗಿತು. ಸ್ವರದ ಮುಂದೆ ಅದು ಳಕಾರದಲ್ಲಿ ಸೇರಿಹೋಯಿತು. ವ್ಯಂಜನದ ಮುಂದೆ ರಕಾರವಾಗಿ, ಕೊನೆಗೆ ಪಕ್ಕದ ವ್ಯಂಜನದಲ್ಲಿಯೇ ಲೀನವಾಯಿತು. ‘ಪೊೞ್ತು’ ಹೊತ್ತಾಯಿತು, ‘ಗೞ್ದೆ’ ಗದ್ದೆಯಾಯಿತು. ಆಳು ಎಂಬುದರಿಂದ ‘ಆಳಿದ’ ಎಂದಾಗುವಾಗ ಬೀಳು ಎಂಬುದರಿಂದ ‘ಬಿದ್ದ’ ಎಂದೇಕೆ ಆಗಬೇಕು ಎಂದು ಮಗು ಕೇಳಿದರೆ ಉತ್ತರ ಇಲ್ಲಿದೆ: ಅದು ‘ಬಿೞ್ದ’ ಆಗಿತ್ತು. ಅಕ್ಷರ ಹೋದರೂ ಅದು ಕುಳಿತ ಜಾಗದಲ್ಲಿ ತಗ್ಗು ಉಳಿದಿದೆ. ಕೇಶಿರಾಜನ ಕಾಲಕ್ಕೆ ಜನರಿಗೆ ಯಾವುದು ರಳ, ಯಾವುದು ಕುಳ ಎಂಬುದೇ ಮಸುಕಾಗಿದ್ದುದರಿಂದ ಅವನು ರಳವಿರುವ ಶಬ್ದಗಳನ್ನು ಎಣಿಸಿ ಪಟ್ಟಿ ಮಾಡಿ ಕೊಡಬೇಕಾಯಿತು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಗುರುತು ಬರೆಸಿದಂತೆ ಅದು ನಮಗೆ ತೋರುತ್ತದೆ. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ ಕಿಟೆಲ್ ಸಾಹೇಬರು, 1894ರ ತಮ್ಮ ಮಹಾಕೋಶದಲ್ಲಿಯೂ ಈ ಭೇದವನ್ನು ಕಾಯ್ದಿಟ್ಟರು.

ಕಳೆದುಹೋದ ಈ ಅಕ್ಷರದ ದುರ್ದೈವ ಅಲ್ಲಿಗೂ ಮುಗಿಯಲಿಲ್ಲ. ಜಗತ್ತಿನ ಲಿಪಿಗಳನ್ನೆಲ್ಲ ಗಣಕಯಂತ್ರಕ್ಕಾಗಿ ಒಂದೇ ಕೋಷ್ಟಕದಲ್ಲಿ ಜೋಡಿಸಿದ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ೞಕ್ಕೂ ಒಂದು ಮನೆ ಸಿಕ್ಕಿದೆ. ಆದರೆ ಬಾಗಿಲ ಮೇಲಿನ ಹೆಸರು ತಪ್ಪಾಗಿ ‘ಫ’ ಎಂದು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮ. ಆದ್ದರಿಂದ ಹೆಸರನ್ನು ಹಾಗೆಯೇ ಬಿಟ್ಟು, ಇದು ತಪ್ಪೆಂದು ಕೆಳಗೆ ಟಿಪ್ಪಣಿ ಬರೆದಿದ್ದಾರೆ.

ಒಂದು ಅಕ್ಷರ ಏಕೆ ಅಳಿಯುತ್ತದೆ, ಇನ್ನೊಂದು ಏಕೆ ಉಳಿಯುತ್ತದೆ? ಈ ಪ್ರಶ್ನೆಗೆ ಬಹುದೂರದ ಜಪಾನಿನಿಂದ ಒಂದು ಬೆಳಕು ಬೀಳುತ್ತದೆ. ಅಲ್ಲಿನ ಹಿರಗಾನ ಎಂಬ ಲಿಪಿಯ ಪ್ರತಿಯೊಂದು ಅಕ್ಷರವೂ ಯಾವುದಾದರೊಂದು ಚೀನೀ ಚಿತ್ರಾಕ್ಷರವನ್ನು ವೇಗದಿಂದ ಬರೆಯುತ್ತ ಬರೆಯುತ್ತ ಸವೆದು ಆದದ್ದು. ಪಂಡಿತ ಪುರುಷರು ಚೀನೀ ಲಿಪಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಹೆಂಗಸರು ಹಿರಗಾನವನ್ನು ಬಳಸಿದರು. 11ನೆಯ ಶತಮಾನದ ಆರಂಭದ ‘ಗೆಂಜಿ’ ಕಥಾಗ್ರಂಥ ಮುರಾಸಾಕಿ ಎಂಬ ಅರಮನೆಯ ಸ್ತ್ರೀ ಬರೆದದ್ದು. ಆ ಲಿಪಿಯಲ್ಲಿ ‘ವಿ’, ‘ವೆ’, ‘ವೊ’ ಎಂಬ ಮೂರು ಅಕ್ಷರಗಳಿದ್ದವು. ಕಾಲಾಂತರದಲ್ಲಿ ಅವುಗಳ ವಕಾರ ಬಾಯಿಂದ ಜಾರಿ ಬರಿಯ ಇ, ಎ, ಒ ಎಂದು ಉಳಿಯಿತು. 1946ರ ಲಿಪಿಸುಧಾರಣೆಯಲ್ಲಿ ಮೊದಲಿನ ಎರಡನ್ನು ನಿತ್ಯದ ಬರಹದಿಂದ ಕೈಬಿಟ್ಟರು. ಮೂರನೆಯದನ್ನು, ಅಂದರೆ ‘ದೂರ’ ಎಂಬರ್ಥದ ಚೀನೀ ಅಕ್ಷರದಿಂದ ಹುಟ್ಟಿದ ‘ವೊ’ವನ್ನು, ಮಾತ್ರ ಇಟ್ಟುಕೊಂಡರು. ಕಾರಣವೇನೆಂದರೆ, ನಮ್ಮ ‘ಅನ್ನು’ ಪ್ರತ್ಯಯದಂತೆ ಕರ್ಮಪದವನ್ನು ತೋರಿಸುವ ಕೆಲಸ ಅದರದ್ದು. ಬಹುಶಃ ಬೇರಾವ ಕೆಲಸವೂ ಈಗ ಅದಕ್ಕಿಲ್ಲ. ಆದರೆ ಆ ಒಂದು ಕೆಲಸವಿಲ್ಲದೆ ಜಪಾನೀ ವಾಕ್ಯ ಸಾಗುವದಿಲ್ಲ.

ನಮ್ಮ ೞ ಮತ್ತು ಳಗಳಿಗೂ ಇದೇ ಮಾತು ಸಲ್ಲುವದೆಂದು ನಮಗನಿಸುತ್ತದೆ. ೞಕಾರ ಶಬ್ದಗಳಲ್ಲಿ ಇತ್ತು, ಪ್ರತ್ಯಯಗಳಲ್ಲಿ ಇರಲಿಲ್ಲ. ಳಕಾರವಾದರೋ ವ್ಯಾಕರಣದ ಅಡಿಗೆಮನೆಯಲ್ಲಿಯೇ ಇದೆ. ಮನೆಗಳು, ಗಿಡಗಳು ಎಂದು ಒಂದನ್ನು ಹಲವಾಗಿಸುವದು ಅದೇ. ನಮ್ಮ ಕಡೆಯ ಮಾತಿನಲ್ಲಿ ‘ಮನಿಗೋಳು’ ಎಂದಾದರೂ ಳಕಾರ ಹೋಗಿಲ್ಲ. ಹೆಣ್ಣನ್ನು ಹೆಣ್ಣೆಂದು ಗುರುತಿಸುವದೂ ಅದೇ. ಮಗನು ಮಗಳಾಗುವದು, ಅವನು ಅವಳಾಗುವದು, ಬಂದನು ಬಂದಳಾಗುವದು ಈ ಒಂದು ಅಕ್ಷರದಿಂದ. ‘ಅಕಿ ಬರತಾಳ’ ಎಂಬ ಆಡುಮಾತಿನಲ್ಲಿ ಸರ್ವನಾಮ ಬದಲಾಗಿದ್ದರೂ ಕ್ರಿಯಾಪದದ ತುದಿಗೆ ಳಕಾರ ಗಟ್ಟಿಯಾಗಿ ಕುಳಿತಿದೆ. ಒಳಗೆ ಎಂಬ ಮಾತಿನ ಒಳಗೂ ಅದಿದೆ. ಕನ್ನಡದಲ್ಲಿ ಹತ್ತು ವಾಕ್ಯ ಆಡಿ ಒಂದೂ ಳಕಾರ ಬಾರದಂತೆ ನೋಡಿಕೊಳ್ಳಿರೆಂದು ಮನೆಯಲ್ಲಿ ಪಂಥ ಕಟ್ಟಿ ನೋಡಬಹುದು. ಹೆಣ್ಣುಮಕ್ಕಳಿರುವ ಮನೆಯಲ್ಲಿ ಪಂಥ ಬೇಗ ಮುಗಿಯುತ್ತದೆ.

ಹೀಗಿದ್ದ ಅಕ್ಷರಕ್ಕೆ ನಮ್ಮ ಕಾಲದಲ್ಲಿ ಹೊಸ ಕಂಟಕ ಒದಗಿದೆ. ನಮ್ಮ ಮಕ್ಕಳೂ ಮೊಮ್ಮಕ್ಕಳೂ ಮನೆಯಲ್ಲಿ ಕನ್ನಡ ಆಡುತ್ತಾರೆ; ಬರೆಯುವಾಗ ಮೊಬೈಲಿನಲ್ಲಿ ರೋಮನ್ ಲಿಪಿ. ಆ ಲಿಪಿಯಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ಹಾಲು ಕುದಿಯಿತೋ ಹಾಳು ಸುರಿಯಿತೋ, ಕಾಲು ತೊಳೆದರೋ ಕಾಳು ತೊಳೆದರೋ, ಬಳೆ ತಂದರೋ ಬಲೆ ತಂದರೋ, ಓದುವವರೇ ಊಹಿಸಬೇಕು. ದ್ರಾಕ್ಷಿ, ಅರಿಸಿನ ಬೆಳೆಯುವ ನಮ್ಮ ರೈತ ಬಂಧುಗಳ ಬಾಯಲ್ಲಿ ಆಗಾಗ ಬರುವ ಮಾತೊಂದಿದೆ: ‘ಈ ವರ್ಷ ಬೆಳೆ ಬಂತು, ಬೆಲೆ ಬರಲಿಲ್ಲ.’ ಇದನ್ನು ರೋಮನ್ ಅಕ್ಷರಗಳಲ್ಲಿ ಬರೆದು ದೂರದ ಊರಿನಲ್ಲಿರುವ ಮಗನಿಗೆ ಕಳಿಸಿದರೆ, ಬಂದದ್ದು ಬಾರದ್ದು ಎರಡೂ ಒಂದೇ ಆಗಿ ಕಾಣುತ್ತವೆ. ಒಕ್ಕಲುತನದ ಒಂದು ವರ್ಷದ ಕಷ್ಟವೆಲ್ಲ ಆ ಎರಡು ಅಕ್ಷರಗಳ ಅಂತರದಲ್ಲಿದೆ.

ಬರೆವಣಿಗೆಯಲ್ಲಿ ಹೋದದ್ದು ನಿಧಾನವಾಗಿ ಬಾಯಿಗೂ ಇಳಿಯುತ್ತದೆ. ಬಾಲ್ಯದಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಪುಣೆ-ಮುಂಬಯಿಗಳಲ್ಲಿ ಬೆಳೆದ ಕೆಲವು ಮಕ್ಕಳು ಅಜ್ಜಿಯ ಎದುರಿಗೆ ‘ಅವಲು ಹೇಲಿದಲು’ ಎಂದು ಶುರು ಮಾಡಿದ್ದನ್ನು ನಾವು ಕೇಳಿದ್ದೇವೆ. ಅಜ್ಜಿಯಂದಿರು ಮೊದಲಿಗೆ ನಗುತ್ತಾರೆ, ಆಮೇಲೆ ನಗುವದಿಲ್ಲ. ಹೇಳುವದಕ್ಕೂ ಆ ಮಗು ಅಂದದ್ದಕ್ಕೂ ಅರ್ಥದಲ್ಲಿ ಎಂಥ ಅನಾಹುತವಿದೆಯೆಂಬುದನ್ನು ಕನ್ನಡ ಬಲ್ಲ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯೇ ಮರಾಠಿ ಶಾಳೆಯ ಉಪಕಾರವನ್ನು ನಾವು ಸ್ಮರಿಸಬೇಕು. ನಮ್ಮ ಹಿರಿಯರಲ್ಲಿ ಅನೇಕರು ಮಗುವನ್ನು ಮರಾಠಿ ಮಾಧ್ಯಮಕ್ಕೆ ಹಾಕಿದರೆ ಕನ್ನಡ ಮುಗಿಯಿತೆಂದೇ ತಿಳಿದಿದ್ದರು. ಜತ ತಾಲೂಕಿನಂತೆ ಕನ್ನಡ ಶಾಲೆಗಳು ಕೈಗೆಟಕುವಲ್ಲಿ ಇರುವವರ ಮಾತು ಬೇರೆ; ಸಾಂಗಲಿ, ಮಿರಜ ಪಟ್ಟಣಗಳಲ್ಲಿ ಇರುವವರಲ್ಲಿ ಹೆಚ್ಚಿನವರಿಗೆ ಬೇರೆ ಹಾದಿ ಇರಲಿಲ್ಲ. ಆದರೆ ಳಕಾರದ ಮಟ್ಟಿಗೆ ಆ ಮಗು ಪಾರಾಗಿದೆ. ಅದಕ್ಕೆ ‘ವೇಲ’ ಎಂದರೆ ಬಳ್ಳಿ, ‘ವೇಳ’ ಎಂದರೆ ಹೊತ್ತು. ‘ಗಾಲ’ ಎಂದರೆ ಕೆನ್ನೆ, ‘ಗಾಳ’ ಎಂದರೆ ಹೂಳು. ‘ಓಲ’ ಎಂದರೆ ತೇವ, ‘ಓಳ’ ಎಂದರೆ ಸಾಲು. ನಾಲಗೆಗೂ ಕಿವಿಗೂ ಬೇಕಾದ ಸಾಧನೆ ಆಗಿಬಿಟ್ಟಿದೆ. ಮರಾಠಿ ಗುರುಗಳು ತಮಗೆ ಅರಿವಿಲ್ಲದೆ ಅರ್ಧ ಕನ್ನಡ ಕಲಿಸಿದ್ದಾರೆ.

ಉಳಿದರ್ಧ ನಮ್ಮ ಪಾಲಿನದು. ಅನೇಕ ಮನೆಗಳಲ್ಲಿ ಜೋಗುಳ, ಹಾಡು, ಊರಿನ ವಿಳಾಸ ಎಲ್ಲವನ್ನೂ ನಾಗರಿ ಲಿಪಿಯಲ್ಲಿ ಕನ್ನಡವಾಗಿ ಬರೆದಿಟ್ಟುಕೊಳ್ಳುವ ರೂಢಿ ಇದೆ. ಇದರಿಂದ ಳಕಾರ ಉಳಿಯಿತು, ನಿಜ. ಆದರೆ ಮರಾಠಿ ಬರಹದಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘ ಭೇದವಿಲ್ಲ. ಕೆರೆಯೂ ಕೇರೆಹಾವೂ ಒಂದೇ ಆದವು. ಒಲೆಯೂ ಓಲೆಯೂ ಒಂದೇ ಆದವು. ಕೊಡು ಎಂದದ್ದು ಎಮ್ಮೆಯ ಕೋಡಾಯಿತು. ‘ಬೆಳೆ ಬಂತು’ ಎಂಬುದನ್ನು ನಾಗರಿಯಲ್ಲಿ ಬರೆದು ಓದಿಸಿದರೆ ‘ಬೇಳೆ ಬಂತು’ ಎಂದು ಕೇಳಿ, ತೊಗರಿಯ ಗಾಡಿ ಬಂದಿತೆಂದು ಹೊರಗೆ ನೋಡುವಂತಾಗುತ್ತದೆ. ರೋಮನ್ನಿನಲ್ಲಿ ಹೋಗುವದು ಒಂದು, ನಾಗರಿಯಲ್ಲಿ ಹೋಗುವದು ಇನ್ನೊಂದು. ಬೆಳೆ, ಬೆಲೆ, ಬೇಳೆ ಮೂರನ್ನೂ ಬೇರೆ ಬೇರೆಯಾಗಿ ಕಾಣಿಸುವದಕ್ಕೆ ಕನ್ನಡ ಲಿಪಿಯೇ ಬೇಕು.

ಕನ್ನಡ ಲಿಪಿ ಕಲಿಸುವದೆಂದರೆ ಅನೇಕ ತಾಯಂದಿರು ಆರಂಭದಲ್ಲಿಯೇ ಹೆದರುತ್ತಾರೆ. ಮರಾಠಿ ಓದಬಲ್ಲ ಮಗುವಿಗೆ ವರ್ಣಮಾಲೆಯ ಕ್ರಮ, ಕಾಗುಣಿತದ ತತ್ತ್ವ ಎರಡೂ ಬರುತ್ತವೆ. ಆಕಾರ ಮಾತ್ರ ಹೊಸದು. ಅ, ಆ ಎಂದು ಮೊದಲಿನಿಂದ ಹಿಡಿಯುವ ಬದಲು ಕೊನೆಯ ಎಲೆಯಿಂದ ಹಿಡಿದರೆ ಹೇಗೆ ಎಂದು ನಾವು ಕೆಲವು ಮನೆಗಳಲ್ಲಿ ಸೂಚಿಸಿದ್ದೆವು. ಒಂದು ಹಾಳೆಯಲ್ಲಿ ನಾಗರಿಯ ಳ, ಪಕ್ಕದಲ್ಲಿ ಕನ್ನಡದ ಳ ಬರೆಯಬೇಕು. ಅದರ ಕೆಳಗೆ ಶಿರಾಳಾ, ವಾಳವಾ, ಮಂಗಳವಾರ, ಹಳದಿ ಎಂಬ, ಮಗುವಿಗೆ ಮೊದಲೇ ಗೊತ್ತಿರುವ ಶಬ್ದಗಳನ್ನು ಎರಡೂ ಲಿಪಿಯಲ್ಲಿ ಬರೆಯಬೇಕು. ನಾಲ್ಕು ಶಬ್ದಗಳಲ್ಲಿಯೇ ಶ, ರ, ವ, ಮ, ಗ, ಹ, ದ ಪರಿಚಯವಾಗಿಬಿಡುತ್ತವೆ. ಆಮೇಲೆ ಒತ್ತಕ್ಷರಕ್ಕೆ ಹಳ್ಳಿ, ಬೆಳ್ಳಿ, ಬಳ್ಳಿ. ‘ಹಲ್ಲಿ’ ಬರೆದು ‘ಹಳ್ಳಿ’ ಓದಿಸಿ, ‘ಹುಲಿ’ ಬರೆದು ‘ಹುಳಿ’ ಓದಿಸಿ ಮಗುವನ್ನು ಕೆಣಕಿದರೆ ಅದು ತಾನೇ ತಿದ್ದುತ್ತದೆ. ಎ-ಏ, ಒ-ಓಗಳನ್ನು ಮಾತ್ರ ಬೇರೆಯಾಗಿ, ಸಾವಕಾಶವಾಗಿ ಕಲಿಸಬೇಕು; ಅವು ಮರಾಠಿ ಕಣ್ಣಿಗೆ ನಿಜವಾಗಿಯೂ ಹೊಸವು. ದಿನಕ್ಕೆ ಕಾಲು ಗಂಟೆಯಂತೆ ಒಂದು ಮಳೆಗಾಲ ಸಾಕಾಗಬಹುದು.

ನಮ್ಮ ಮನೆಮಾತಿನಲ್ಲಿ ಳಕಾರವಿರುವ, ಆದರೆ ಕೋಶಗಳಲ್ಲಿ ಸುಲಭವಾಗಿ ಸಿಗದ ಶಬ್ದಗಳು ಇನ್ನೂ ಎಷ್ಟೋ ಇರಬೇಕು. ಗಾಣದ ಮನೆಯವರು, ಅರಿಸಿನ ಕುದಿಸುವವರು, ದ್ರಾಕ್ಷಿತೋಟದವರು, ನೇಕಾರ ಕುಟುಂಬದವರು ತಮ್ಮ ಕೆಲಸದಲ್ಲಿ ಬಳಸುವ ಇಂಥ ಮಾತುಗಳನ್ನು, ಅಜ್ಜಿ-ಮುತ್ತಜ್ಜಿಯರು ಇದ್ದಲ್ಲಿ ಅವರನ್ನು ಕೇಳಿ, ಬರೆದು ಕಳಿಸಬೇಕೆಂದು ವಾಚಕರಲ್ಲಿ ವಿನಂತಿ. ಶಬ್ದದ ಸಂಗಡ ಊರಿನ ಹೆಸರೂ ಅರ್ಥವೂ ಇರಲಿ; ಕನ್ನಡ ಲಿಪಿ ಬಾರದವರು ನಾಗರಿಯಲ್ಲಿ ಬರೆದರೂ ನಡೆದೀತು, ಎ-ಒಗಳ ಮೇಲೆ ಹ್ರಸ್ವವೋ ದೀರ್ಘವೋ ಎಂದು ಒಂದು ಗುರುತು ಹಾಕಿದರೆ ಸಾಕು.